ಲೆಕ್ಕ ಕೊಡಿ ಎನ್ನುವ ಹಕ್ಕು

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳ ಸಾಲಿನಲ್ಲಿ ಸುತ್ತುತ್ತಿದ್ದೆ. ಒಂದು ಮಳಿಗೆಯಲ್ಲಿ ನನ್ನದೇ ಕಥಾಸಂಕಲನ ಕಣ್ಣಿಗೆ ಬಿತ್ತು. ಎತ್ತಿಕೊಂಡು ಒಳಪುಟ ತಿರುವಿದರೆ ‘ಎರಡನೇ ಮುದ್ರಣ’ ಎಂದು ಅಚ್ಚಾಗಿದೆ. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಪ್ರಕಾಶಕರು ಫೋನಿನಲ್ಲಿ, ‘ಮೊದಲನೇ ಮುದ್ರಣದ್ದೇ ಇನ್ನೂ ನಾನೂರು ಪ್ರತಿ ಗೋಡೌನಲ್ಲಿದೆ ಮೇಷ್ಟ್ರೇ, ಖಾಲಿಯಾಗಲಿ, ಆಮೇಲೆ ಲೆಕ್ಕ ಮಾಡೋಣ’ ಎಂದಿದ್ದರು. ನನ್ನ ಪುಸ್ತಕವನ್ನು ನಾನೇ ದುಡ್ಡು ಕೊಟ್ಟು ಕೊಂಡೆ. ಬಿಲ್ಲು ಹಾಕಿಸಿಕೊಂಡೆ. ಊರಿಗೆ ಬಂದು ಒಳಪುಟದ ಫೋಟೊ ತೆಗೆದು, ಬಿಲ್ಲನ್ನು ಪುಸ್ತಕದೊಳಗೇ ಇಟ್ಟು ಬೀರುವಿನಲ್ಲಿ ಜೋಪಾನ ಮಾಡಿದೆ. ಜಗಳ ತೆಗೆಯುವ ಯೋಚನೆ ಆಗ ಇರಲಿಲ್ಲ. ಒಂದು ಸುಳ್ಳು ಕೈಗೆ ಸಿಕ್ಕಿದೆ, ಅದನ್ನು ಕಳೆದುಕೊಳ್ಳಬಾರದು ಎಂದಷ್ಟೇ ಅನ್ನಿಸಿತ್ತು.

ಬರೆಯುವವರು ನಾಲ್ಕು ಜನ ಸೇರಿದ ಕಡೆ ಇಂಥ ನಾಲ್ಕು ಕಥೆ ಹೊರಬರುತ್ತವೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಾವೇ ಮುದ್ರಣಾಲಯ ಇಟ್ಟುಕೊಂಡರು. ಇವನ್ನು ನಾವು ಸಾಹಸದ ಕಥೆಗಳಾಗಿ ಹೇಳುತ್ತೇವೆ. ಬರೆದವನಿಗೆ ಬರೆದದ್ದರ ದುಡ್ಡು ತಾನಾಗಿ ಬರುವ ವ್ಯವಸ್ಥೆ ಇರಲಿಲ್ಲ ಎಂಬ ಸಂಗತಿಯೂ ಅವುಗಳ ಹಿಂದೆ ಇದೆ. ಇದು ಕನ್ನಡಕ್ಕೆ ಮಾತ್ರ ಅಂಟಿದ್ದಲ್ಲ. 2022ರಲ್ಲಿ ಹಿಂದಿಯ ಹಿರಿಯ ಲೇಖಕ ವಿನೋದ್ ಕುಮಾರ್ ಶುಕ್ಲ, ದಶಕಗಳಿಂದ ಜನ ಓದುತ್ತಿರುವ ತಮ್ಮ ಪುಸ್ತಕಗಳಿಗೆ ಬರುವ ರಾಯಧನ ಎಷ್ಟು ಅಲ್ಪವೆಂದು ಬಹಿರಂಗವಾಗಿ ಹೇಳಿಕೊಂಡರು. ಪ್ರಕಾಶಕರು ತಮ್ಮ ಲೆಕ್ಕ ಸರಿಯೆಂದೇ ವಾದಿಸಿದರು. 2025ರಲ್ಲಿ ಅದೇ ಲೇಖಕರಿಗೆ ಬೇರೊಬ್ಬ ಪ್ರಕಾಶಕರು ರಾಯ್‌ಪುರದ ಸಭೆಯೊಂದರಲ್ಲಿ 30 ಲಕ್ಷ ರೂಪಾಯಿ ರಾಯಧನ ಕೊಟ್ಟರು.

ರಾಯಧನ ಬಾರದಿದ್ದಾಗ ಕಾನೂನು ಏನೇನು ದಾರಿ ಬಿಟ್ಟಿದೆ ಎಂದು ಕಳೆದ ಒಂದೂವರೆ ವರ್ಷ ವಕೀಲ ಗೆಳೆಯರನ್ನು ಕಾಡಿ, ಕಾಯ್ದೆಗಳನ್ನು ಓದಿ ತಿಳಿದುಕೊಂಡೆ. ದಾರಿಗಳು ಹಲವಿವೆ. ಆದರೆ ದುಡ್ಡು ಕೇಳುವುದಕ್ಕಿಂತ ಮುಂಚೆ ಲೆಕ್ಕ ಕೇಳಬೇಕು, ಅದೂ ಬರವಣಿಗೆಯಲ್ಲಿ, ಅದೂ ಮೂರು ವರ್ಷದೊಳಗೆ. ಇದೊಂದು ತಪ್ಪಿದರೆ ಉಳಿದ ದಾರಿಗಳಲ್ಲಿ ಹೆಚ್ಚಿನವು ಮುಚ್ಚಿಹೋಗುತ್ತವೆ. ‘ಹೇಗೆ ಕೇಳುವುದು, ಏನಂದುಕೊಂಡಾರು’ ಎಂಬ ಸಂಕೋಚ ನಮ್ಮ ಲೇಖಕರಿಗೆ ಮಾಡಿರುವಷ್ಟು ನಷ್ಟವನ್ನು ಯಾವ ಪ್ರಕಾಶಕನೂ ಮಾಡಿಲ್ಲ ಎಂದು ನನಗೀಗ ಅನ್ನಿಸುತ್ತದೆ.

ಮೊದಲು ಕರಾರಿನ ಮಾತು. ‘ನಮ್ಮ ನಡುವೆ ಕಾಗದ-ಪತ್ರ ಏನೂ ಇಲ್ಲವಲ್ಲ, ಏನು ಮಾಡಲಿಕ್ಕಾಗುತ್ತದೆ’ ಎಂದು ಬಹುಪಾಲು ಲೇಖಕರು ಕೈಚೆಲ್ಲುತ್ತಾರೆ. ಕನ್ನಡದಲ್ಲಿ ಪುಸ್ತಕಗಳು ಬಾಯಿಮಾತಿನ ಮೇಲೆ, ಒಂದು ಫೋನಿನ ಮೇಲೆ ಅಚ್ಚಾಗುವುದು ನಿಜ. ಆದರೆ ಕಾಗದ ಇಲ್ಲದಿರುವುದು ಲೇಖಕನಿಗಿಂತ ಪ್ರಕಾಶಕನಿಗೇ ಹೆಚ್ಚಿನ ತೊಡಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆಯ ಲೇಖಕ. ಆ ಒಡೆತನ ಇನ್ನೊಬ್ಬರಿಗೆ ಹೋಗಬೇಕಾದರೆ ಲೇಖಕನ ಸಹಿ ಇರುವ ಬರಹ ಬೇಕೇಬೇಕು ಎನ್ನುತ್ತದೆ ಕಲಂ 19. ಸಹಿ ಹಾಕಿಲ್ಲವೆಂದರೆ ನೀವು ಯಾವ ಹಕ್ಕನ್ನೂ ಬರೆದುಕೊಟ್ಟಿಲ್ಲ. ಹೆಚ್ಚೆಂದರೆ ಪ್ರಕಾಶಕರಿಗೆ ಆ ಒಂದು ಮುದ್ರಣ ಮಾಡಿಕೊಳ್ಳಲು ನಿಮ್ಮ ಸಮ್ಮತಿ ಇತ್ತು ಎಂದು ವಾದಿಸಬಹುದು, ಅಷ್ಟೆ. ಇನ್ನು ದುಡ್ಡಿನ ಮಾತು: ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. 1872ರ ಕರಾರು ಕಾಯ್ದೆ ಅದನ್ನು ಒಪ್ಪುತ್ತದೆ. ಶೇಕಡಾ ಹತ್ತು ಕೊಡುತ್ತೇವೆ ಎಂದದ್ದನ್ನು ತೋರಿಸುವ ಒಂದು ವಾಟ್ಸ್‌ಆಪ್ ಸಂದೇಶ, ಹಿಂದಿನ ಪುಸ್ತಕಕ್ಕೆ ಅದೇ ದರದಲ್ಲಿ ಬಂದ ಹಣ, ಬ್ಯಾಂಕ್ ಪಾಸ್‌ಬುಕ್ಕಿನ ಒಂದು ಸಾಲು, ಇವೆಲ್ಲ ಪುರಾವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಮೊಬೈಲ್ ಸಂದೇಶದ ಜೊತೆ ಒಂದು ಪ್ರಮಾಣಪತ್ರ ಹಾಜರುಪಡಿಸಬೇಕು. ಅದನ್ನು ವಕೀಲರು ಮಾಡಿಸುತ್ತಾರೆ. ನೀವು ಮಾಡಬೇಕಾದ್ದು ಫೋನು ಬದಲಿಸುವಾಗ ಆ ಸಂದೇಶಗಳನ್ನು ಕಳೆದುಕೊಳ್ಳದಿರುವುದು.

ಸಹಿ ಹಾಕಿದ ಕರಾರು ಇದ್ದರೆ ಅದನ್ನು ಒಮ್ಮೆ ನಿಧಾನವಾಗಿ ಓದಬೇಕು. ಬರೆದುಕೊಟ್ಟದ್ದು ಹಕ್ಕಿನ ವರ್ಗಾವಣೆಯೋ ಅಥವಾ ಮುದ್ರಿಸಲು ಕೊಟ್ಟ ಪರವಾನಗಿಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಕಾಯ್ದೆ ಲೆಕ್ಕ ಹಿಡಿಯುತ್ತದೆ. ಹತ್ತು ವರ್ಷದ ಹಿಂದೆ ಅವಧಿ ನಮೂದಿಸದೆ ಸಹಿ ಹಾಕಿದವರು ಅನೇಕರಿದ್ದಾರೆ. ಅವರ ಹಕ್ಕು ಅವರಿಗೆ ಆಗಲೇ ಮರಳಿದೆ, ಗೊತ್ತಿಲ್ಲದೆ ಸುಮ್ಮನಿದ್ದಾರೆ. ವರ್ಗಾವಣೆ ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದೂ ಬಿದ್ದುಹೋಗುತ್ತದೆ. 2012ರ ತಿದ್ದುಪಡಿಯ ನಂತರದ ಕರಾರುಗಳಿಗೆ ಇನ್ನೊಂದು ರಕ್ಷಣೆಯಿದೆ: ಸಹಿ ಹಾಕುವ ಹೊತ್ತಿಗೆ ಇಲ್ಲದ ಹೊಸ ಮಾಧ್ಯಮ ಮುಂದೆ ಬಂದರೆ, ಕರಾರಿನಲ್ಲಿ ಅದನ್ನು ಹೆಸರಿಸದ ಹೊರತು ಅದರ ಹಕ್ಕು ಪ್ರಕಾಶಕರಿಗೆ ಹೋಗುವುದಿಲ್ಲ.

ಈಗ ಮೂರು ವರ್ಷದ ಮಾತು. ಬಾಕಿ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವ ವಾಯಿದೆ ಮೂರೇ ವರ್ಷ. ಪ್ರತಿ ಮಾರ್ಚ್‌ಗೆ ಲೆಕ್ಕ ಎಂದು ಕರಾರಿನಲ್ಲಿದ್ದರೆ, ಒಂದೊಂದು ವರ್ಷದ ಬಾಕಿಗೂ ಅದರದರ ದಿನದಿಂದ ಮೂರು ವರ್ಷ ಓಡುತ್ತದೆ. ಹತ್ತು ವರ್ಷ ಕಾದು ಒಟ್ಟಿಗೆ ಕೇಳುತ್ತೇನೆಂದರೆ ಮೊದಲ ಏಳು ವರ್ಷದ್ದು ಮುಳುಗಿದ ಹಾಗೆ. ಇಲ್ಲೊಂದು ಉಪಾಯವೂ ಕಾಯ್ದೆಯಲ್ಲೇ ಇದೆ. ವಾಯಿದೆ ಮುಗಿಯುವ ಮುಂಚೆ ಪ್ರಕಾಶಕರು ‘ನಿಮ್ಮ ಬಾಕಿ ಇದೆ, ಕೊಡುತ್ತೇವೆ’ ಎಂದು ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ. ಇಮೇಲ್ ಮೂಲಕ ಬಾಕಿ ಒಪ್ಪಿಕೊಂಡದ್ದೂ ಇಂಥ ಒಪ್ಪಿಗೆಯೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಸುದರ್ಶನ್ ಕಾರ್ಗೊ ಪ್ರಕರಣದಲ್ಲಿ ಹೇಳಿತು. ಅದು ಸರಕು ಸಾಗಣೆ ಕಂಪನಿಯ ವ್ಯಾಜ್ಯ, ಪುಸ್ತಕದ್ದಲ್ಲ, ಆದರೂ ನಮಗೆ ಬಹಳ ಬೇಕಾದ ತೀರ್ಪು. ಹಾಗಾಗಿ ಪ್ರಕಾಶಕರೊಂದಿಗೆ ಫೋನಿನಲ್ಲಿ ಮಾತಾದ ದಿನವೇ ‘ಇಂದು ತಾವು ಹೇಳಿದಂತೆ…’ ಎಂದು ಒಂದು ಇಮೇಲ್ ಕಳಿಸಿ, ಉತ್ತರ ಬರುವಂತೆ ನೋಡಿಕೊಳ್ಳಿ. ಪೂರ್ತಿ ವಾಯಿದೆ ಮೀರಿದ ಮೇಲೂ ಬರೆದುಕೊಟ್ಟ ಹೊಸ ವಾಗ್ದಾನ ಸಿಂಧುವಾಗುತ್ತದೆ.

ಲೆಕ್ಕವೇ ಕೊಡದವರ ಲೆಕ್ಕ ಹಿಡಿಯುವುದು ಹೇಗೆ? ನನ್ನ ಮಟ್ಟಿಗೆ ಬಾಗಿಲು ತೆರೆದದ್ದು ಮಾಹಿತಿ ಹಕ್ಕು. ಕನ್ನಡ ಪುಸ್ತಕಗಳ ದೊಡ್ಡ ಗಿರಾಕಿ ಸರ್ಕಾರ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಕೊಳ್ಳುತ್ತದೆ, ಕನ್ನಡ ಪುಸ್ತಕ ಪ್ರಾಧಿಕಾರ ಸಗಟು ಖರೀದಿ ಮಾಡುತ್ತದೆ. ಪ್ರಕಾಶಕರ ಗೋಡೌನಿನ ಒಳಗೆ ಏನಿದೆಯೆಂದು ನಮಗೆ ಗೊತ್ತಾಗದಿರಬಹುದು, ಸರ್ಕಾರ ಎಷ್ಟು ಪ್ರತಿ ಕೊಂಡಿತು ಎಂಬುದು ಸಾರ್ವಜನಿಕ ದಾಖಲೆ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಾನು ಕೇಳಿದ್ದು ಇಷ್ಟೇ: ಈ ಹೆಸರಿನ ಪುಸ್ತಕವನ್ನು ಯಾವ ಸಾಲಿನಲ್ಲಿ, ಎಷ್ಟು ಪ್ರತಿ, ಯಾವ ದರಕ್ಕೆ ಕೊಂಡಿದ್ದೀರಿ, ಬಿಲ್ಲಿನ ಹಣ ಯಾವ ದಿನ ಪಾವತಿಯಾಗಿದೆ? ಕಾಯ್ದೆ ಕೊಟ್ಟಿರುವ ಮೂವತ್ತು ದಿನ ಮುಗಿಯುವ ಮೊದಲೇ ಎರಡು ಪುಟದ ಉತ್ತರ ಬಂತು. ಕೊನೆಯ ಪ್ರಶ್ನೆ ಮುಖ್ಯವೆಂದು ಆಗ ಅರಿವಾಯಿತು. ‘ಲೈಬ್ರರಿ ದುಡ್ಡು ಇನ್ನೂ ಬಂದಿಲ್ಲ’ ಎಂಬುದು ನಮ್ಮಲ್ಲಿ ಎಂದಿನ ಉತ್ತರ. ಎಷ್ಟೋ ಸಲ ಅದು ನಿಜವೂ ಹೌದು. ಆಸ್ತಿ ತೆರಿಗೆಯ ಜೊತೆ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಗ್ರಂಥಾಲಯ ಕರ ಇಲಾಖೆಗೆ ಸಕಾಲಕ್ಕೆ ತಲುಪದೆ, ಸಣ್ಣ ಪ್ರಕಾಶಕರು ಬಡ್ಡಿಗೆ ಸಾಲ ತಂದು ನರಳಿದ್ದನ್ನು ನಾನೇ ಬಲ್ಲೆ. ಅಂಥವರ ಮೇಲೆ ಕಾನೂನಿನ ಕೋಲು ಬೀಸುವುದು ನ್ಯಾಯವಲ್ಲ. ನನ್ನ ಪುಸ್ತಕದ ವಿಷಯದಲ್ಲಿ ಮಾತ್ರ ಹಣ ಪಾವತಿಯಾಗಿ ಹದಿನಾಲ್ಕು ತಿಂಗಳಾಗಿತ್ತು.

ಇನ್ನೊಂದು ಪುರಾವೆ ನಿಮ್ಮ ಆದಾಯ ತೆರಿಗೆ ಖಾತೆಯಲ್ಲೇ ಇರಬಹುದು. ವರ್ಷಕ್ಕೆ ನಿಗದಿತ ಮೊತ್ತ ದಾಟಿದ ರಾಯಧನಕ್ಕೆ ಪ್ರಕಾಶಕರು ಶೇಕಡಾ 10 ತೆರಿಗೆ ಹಿಡಿದು ಕಟ್ಟಬೇಕು. ಹಣ ಕೈಗೆ ಬರದಿದ್ದರೂ, ತಮ್ಮ ಲೆಕ್ಕದ ಪುಸ್ತಕದಲ್ಲಿ ಖರ್ಚು ತೋರಿಸಲೆಂದು ತೆರಿಗೆ ಕಟ್ಟಿದ್ದರೆ, 26ಎಎಸ್ ಪಟ್ಟಿಯಲ್ಲಿ ಅವರ ಹೆಸರು, ಮೊತ್ತ ಎರಡೂ ಕಾಣುತ್ತವೆ. ಅದಕ್ಕಿಂತ ಗಟ್ಟಿಯಾದ ಒಪ್ಪಿಗೆ ಸಿಗುವುದು ಕಷ್ಟ.

ನಂತರದ್ದು ನೋಟಿಸು. ವಕೀಲರೇ ಕೊಡಬೇಕೆಂದೇನಿಲ್ಲ, ಲೇಖಕ ತಾನೇ ಬರೆಯಬಹುದು. ನಮ್ಮವರ ನೋಟಿಸುಗಳಲ್ಲಿ ನೋವು ಜಾಸ್ತಿ, ಅಂಕಿ ಕಡಿಮೆ. ಅದು ತಿರುವುಮುರುವಾಗಬೇಕು. ಪ್ರತಿ ಮುದ್ರಣದಲ್ಲಿ ಎಷ್ಟು ಪ್ರತಿ ಅಚ್ಚಾಯಿತು, ಮುದ್ರಣಾಲಯದ ಬಿಲ್ಲು ಎಲ್ಲಿ, ಗೌರವ ಪ್ರತಿ ಎಷ್ಟು ಹೋಯಿತು, ಗ್ರಂಥಾಲಯಕ್ಕೆ ಎಷ್ಟು, ಅಂಗಡಿಗಳಿಗೆ ಎಷ್ಟು, ಉಳಿದದ್ದೆಷ್ಟು ಎಂದು ಒಂದೊಂದಾಗಿ ಕೇಳಿ, ಉತ್ತರಕ್ಕೆ ಇಷ್ಟು ದಿನ ಎಂದು ಗಡುವು ಹಾಕಬೇಕು. ಬಾಕಿಗೆ ಇಂಥ ದಿನದಿಂದ ಬಡ್ಡಿ ಕೇಳುತ್ತೇನೆ ಎಂದು ಬರೆಯುವುದನ್ನು ಮರೆಯಬಾರದು. ಕರಾರಿನಲ್ಲಿ ಬಡ್ಡಿಯ ಮಾತಿಲ್ಲದಿದ್ದರೂ, 1978ರ ಬಡ್ಡಿ ಕಾಯ್ದೆಯಂತೆ ಹೀಗೆ ಲಿಖಿತವಾಗಿ ಕೇಳಿದ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದರ ದಾಖಲೆ ಇಟ್ಟುಕೊಳ್ಳಿ. ನಾನು ಕಳಿಸಿದ ನೋಟಿಸು ಒಂದೂವರೆ ಪುಟದ್ದು, ಜೊತೆಗೆ ಮಾಹಿತಿ ಹಕ್ಕಿನ ಉತ್ತರ, ಮಂಡ್ಯದ ಬಿಲ್ಲು, ಒಳಪುಟದ ಫೋಟೊ. ಹನ್ನೆರಡನೆಯ ದಿನ ಲೆಕ್ಕದ ಹಾಳೆ ಬಂತು. ಅದರಲ್ಲಿ ಎರಡನೇ ಮುದ್ರಣವೂ ಇತ್ತು.

ಎಲ್ಲರಿಗೂ ಹೀಗೆ ಬಗೆಹರಿಯುವುದಿಲ್ಲ. ದಾವೆಗೆ ಇಳಿಯುವ ಮುನ್ನ ಒಂದು ಗುಣಾಕಾರ ಮಾಡಿಕೊಳ್ಳಬೇಕು. ಇನ್ನೂರು ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ಶೇಕಡಾ ಹತ್ತು ಎಂದರೆ ಒಂದು ಮುದ್ರಣದ ರಾಯಧನ ಇಪ್ಪತ್ತು ಸಾವಿರ. ವಕೀಲರ ಶುಲ್ಕ, ಓಡಾಟ, ವರ್ಷಗಟ್ಟಲೆ ಮುಂದಕ್ಕೆ ಹೋಗುವ ವಾಯಿದೆಗಳು ಅದನ್ನು ನುಂಗಿಬಿಡುತ್ತವೆ. ಅದಕ್ಕೇ ಸಣ್ಣ ಮೊತ್ತಕ್ಕೆ ನಾನು ಹೇಳುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು. ವ್ಯಾಜ್ಯ ಕೋರ್ಟಿಗೆ ಹೋಗುವ ಮೊದಲೇ ಅಲ್ಲಿ ಅರ್ಜಿ ಕೊಟ್ಟು ಎದುರು ಪಾರ್ಟಿಯನ್ನು ಕರೆಸಬಹುದು. ರಾಜಿಯಾದರೆ ಲೋಕ ಅದಾಲತ್‌ನ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ, ಅದರ ಮೇಲೆ ಅಪೀಲಿಲ್ಲ. ಪ್ರಕಾಶಕರು ಕೂತು ಮಾತಾಡಲು ಬಂದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಲೇಖಕರನ್ನು ಸತಾಯಿಸುವ ಹೆಚ್ಚಿನವರು ಲೇಖಕ ಎದುರಿಗೆ ಬಂದು ಕೂರಲಾರ ಎಂದೇ ನಂಬಿರುತ್ತಾರೆ.

ಮೊತ್ತ ದೊಡ್ಡದಿದ್ದರೆ ದಾವೆಯ ಬಗೆಗಳು ಬೇರೆ. ಲಿಖಿತ ಕರಾರಿದ್ದು, ಪ್ರಕಾಶಕರೇ ಕಳಿಸಿದ ಲೆಕ್ಕದ ಹಾಳೆಯಲ್ಲಿ ಇಷ್ಟು ಬಾಕಿ ಎಂದು ಸ್ಪಷ್ಟವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ ಹೂಡಬಹುದು. ಅಲ್ಲಿ ಎದುರಾಳಿ ವಾದಿಸುವುದಕ್ಕೂ ಕೋರ್ಟಿನ ಅನುಮತಿ ಕೇಳಬೇಕು, ಸುಮ್ಮನೆ ಎಳೆದಾಡಲು ಬಿಡುವುದಿಲ್ಲ. ಮೊತ್ತವೇ ಗೊತ್ತಿಲ್ಲದಿದ್ದರೆ ಲೆಕ್ಕ ಒಪ್ಪಿಸುವಂತೆ ಕೇಳುವ ದಾವೆ. ಸದ್ಯಕ್ಕೆ ಅಂದಾಜು ಮೊತ್ತದ ಮೇಲೆ ಕೋರ್ಟ್ ಶುಲ್ಕ ಕಟ್ಟಿ, ಲೆಕ್ಕ ಹೊರಬಂದ ಮೇಲೆ ಉಳಿದದ್ದು ಕಟ್ಟಬಹುದು. ಕೃತಿಸ್ವಾಮ್ಯಕ್ಕೆ ಸಂಬಂಧಿಸಿದ ವ್ಯಾಜ್ಯದ ಬೆಲೆ 3 ಲಕ್ಷ ರೂಪಾಯಿ ಮುಟ್ಟಿದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ಅಲ್ಲಿ ದಾವೆಗೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯ. 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾತಿನಲ್ಲಿ ಹೇಳಿದೆ. ಮಧ್ಯಸ್ಥಿಕೆಯಲ್ಲಿ ಕಳೆದ ದಿನಗಳನ್ನು ಮೂರು ವರ್ಷದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಕ್ಕು ಬರೆಸಿಕೊಂಡವರು ಅದನ್ನು ಸರಿಯಾಗಿ ಬಳಸದಿದ್ದರೆ ಅಥವಾ ಕರಾರಿನ ಷರತ್ತುಗಳು ಲೇಖಕನಿಗೆ ತೀರ ಕಠಿಣವಾಗಿದ್ದರೆ ವರ್ಗಾವಣೆಯನ್ನೇ ರದ್ದು ಮಾಡಿ ಎಂದು ಕಲಂ 19ಎ ಅಡಿ ಕೇಳಬಹುದು, ಬಾಕಿ ರಾಯಧನದ ವಸೂಲಿಯನ್ನೂ ಕೇಳಬಹುದು. ಮೊದಲು ಕಾಪಿರೈಟ್ ಬೋರ್ಡ್, ಆಮೇಲೆ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ನೋಡುತ್ತಿದ್ದ ಈ ಕೆಲಸ 2021ರಿಂದ ವಾಣಿಜ್ಯ ನ್ಯಾಯಾಲಯಗಳ ಪಾಲಿಗೆ ಬಂದಿದೆ. ಷರತ್ತು ಕಠಿಣ ಎಂಬ ಕಾರಣಕ್ಕೆ ರದ್ದತಿ ಸಿಗಬೇಕಾದರೆ ವರ್ಗಾವಣೆಯಾಗಿ ಐದು ವರ್ಷ ಕಳೆದಿರಬೇಕು. ಲೇಖಕನ ಪಾಲಿಗೆ ಇದೊಂದು ದೀರ್ಘ ಕಾಯುವಿಕೆ, ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ದೆಹಲಿಯ ದೊಡ್ಡ ಸಂಸ್ಥೆಗಳು ಇಂಗ್ಲಿಷ್ ಅನುವಾದಕ್ಕಾಗಿ ಕನ್ನಡ ಲೇಖಕರಿಂದ ಸಹಿ ಹಾಕಿಸಿಕೊಳ್ಳುವ ಕರಾರುಗಳಲ್ಲಿ ಸಾಮಾನ್ಯವಾಗಿ ಆರ್ಬಿಟ್ರೇಷನ್ ಷರತ್ತು ಇರುತ್ತದೆ. ಅಂಥ ಷರತ್ತಿದ್ದರೆ ನೇರ ಕೋರ್ಟಿಗೆ ಹೋದರೂ ಎದುರಿನವರು ಆಕ್ಷೇಪಿಸಿದರೆ ಅಲ್ಲಿಗೇ ವಾಪಸು ಕಳಿಸುತ್ತಾರೆ. ಆದರೆ ‘ನಮ್ಮ ಸಂಸ್ಥೆಯ ಮುಖ್ಯಸ್ಥರು ನೇಮಿಸಿದವರೇ ಪಂಚರು’ ಎಂಬ ಸಾಲು ಕಂಡು ಹೆದರಬೇಕಿಲ್ಲ. ವ್ಯಾಜ್ಯದಲ್ಲಿ ಆಸಕ್ತಿ ಇರುವ ಒಂದೇ ಪಕ್ಷ ಏಕೈಕ ಪಂಚರನ್ನು ನೇಮಿಸಲಾಗದು ಎಂದು ಸುಪ್ರೀಂ ಕೋರ್ಟ್ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ ಹೇಳಿದೆ. ಇಬ್ಬರೂ ಒಪ್ಪದಿದ್ದರೆ ಹೈಕೋರ್ಟ್ ನೇಮಿಸುತ್ತದೆ.

ಪೊಲೀಸ್ ಠಾಣೆಗೆ ಹೋಗಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬರೀ ರಾಯಧನ ಬಾಕಿ ಎಂದರೆ ಬೇಡ. ಮೊದಲ ದಿನದಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸದೆ ವಂಚನೆಯ ಕೇಸು ನಿಲ್ಲುವುದಿಲ್ಲ, ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿಯುವುದನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಖಂಡಿಸಿದೆ. ಎರಡು ಸಂದರ್ಭ ಮಾತ್ರ ಬೇರೆ. ಪ್ರಕಾಶಕರು ಕೊಟ್ಟ ಚೆಕ್ ವಾಪಸಾದರೆ ಬ್ಯಾಂಕಿನ ಮೆಮೊ ಬಂದ ಮೂವತ್ತು ದಿನದೊಳಗೆ ನೋಟಿಸು ಕೊಡಬೇಕು, ಹದಿನೈದು ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಈ ದಿನಗಳ ಎಣಿಕೆಯಲ್ಲಿ ಎಡವಿದವರೇ ಹೆಚ್ಚು. ಎರಡನೆಯದು, ಅನುಮತಿ ಮೀರಿ ಅಚ್ಚು ಹಾಕಿದ ಪ್ರಕರಣ. ಸಾವಿರ ಪ್ರತಿಗೆ ಪರವಾನಗಿ ಪಡೆದು ಮೂರು ಸಾವಿರ ಹಾಕಿದರೆ ಅದು ಬಾಕಿಯ ವಿಷಯವಾಗಿ ಉಳಿಯದೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ. ತಡೆಯಾಜ್ಞೆ, ನಷ್ಟ ಪರಿಹಾರ, ಲಾಭದ ಲೆಕ್ಕ, ಮೂರನ್ನೂ ಕೇಳಬಹುದು. ಆ ಹೆಚ್ಚುವರಿ ಪ್ರತಿಗಳನ್ನು ಕಾಯ್ದೆ ಲೇಖಕನ ಸ್ವತ್ತೆಂದೇ ಕಾಣುತ್ತದೆ. ಈ ದಾವೆಯನ್ನು ಧಾರವಾಡದ ಲೇಖಕ ಧಾರವಾಡದಲ್ಲೇ ಹೂಡಬಹುದು, ಪ್ರಕಾಶಕರ ಊರಿಗೆ ಹೋಗಬೇಕಿಲ್ಲ. ಬೇಕೆಂದೇ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆಯೂ ಇದೆ. ಇದು ಪೊಲೀಸರು ವಾರಂಟಿಲ್ಲದೆ ಕ್ರಮ ಕೈಗೊಳ್ಳಬಹುದಾದ, ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ತಾವೇ ದುಡ್ಡು ಕಟ್ಟಿ ಪುಸ್ತಕ ಮಾಡಿಸಿಕೊಂಡು, ಪ್ರತಿಗಳೂ ಬಾರದೆ ಮಾರಾಟದ ಹಣವೂ ಬಾರದೆ ಕೂತ ಹೊಸ ಲೇಖಕರ ಸಂಖ್ಯೆ ಈಗ ಹೆಚ್ಚುತ್ತಿದೆ. ಅವರು ಸೇವೆಗೆ ಹಣ ಕೊಟ್ಟ ಗ್ರಾಹಕರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ.

ಗೆದ್ದ ಮೇಲೆ ಹಣ ಯಾರಿಂದ ವಸೂಲಾಗಬೇಕು ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನ ‘ಪ್ರಕಾಶನ’ಗಳು ಒಬ್ಬರ ಸ್ವಂತ ವ್ಯವಹಾರ, ಇಲ್ಲವೇ ಪಾಲುದಾರಿಕೆ. ಸ್ವಂತದ್ದಾದರೆ ಮಾಲೀಕನೇ ಹೊಣೆ. ಪಾಲುದಾರಿಕೆಯಾದರೆ ಪ್ರತಿ ಪಾಲುದಾರನೂ ಪೂರ್ತಿ ಬಾಕಿಗೆ ಹೊಣೆ. ಕಂಪನಿಯಾದರೆ ಮಾತ್ರ ಅದರ ಆಸ್ತಿಗಷ್ಟೇ ಕೈ ಹಾಕಬಹುದು. ದಿವಾಳಿ ಸಂಹಿತೆಯಡಿ ಅರ್ಜಿ ಹಾಕಲು ಬಾಕಿ 1 ಕೋಟಿ ಇರಬೇಕಾದ್ದರಿಂದ ಆ ದಾರಿ ಲೇಖಕರಿಗಲ್ಲ. ಆದರೆ ಬೇರೆಯವರು ಹಾಕಿದ ಅರ್ಜಿಯಿಂದ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, ಕ್ಲೇಮು ಸಲ್ಲಿಸಲು ಕರೆದ ದಿನದೊಳಗೆ ನಮ್ಮದನ್ನೂ ಸಲ್ಲಿಸಬೇಕು.

ಲೇಖಕ ತೀರಿಕೊಂಡರೂ ಹಕ್ಕು ಅರವತ್ತು ವರ್ಷ ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ ಇದೆ. ಕಾರಂತರು ತಮ್ಮ ಹಕ್ಕುಗಳನ್ನು ಉಯಿಲಿನಲ್ಲಿ ತಮ್ಮ ಆಪ್ತ ಸಹಾಯಕಿ ಮಾಲಿನಿ ಮಲ್ಯರಿಗೆ ಬಿಟ್ಟಿದ್ದರು. ಯಕ್ಷಗಾನ ಬ್ಯಾಲೆಯ ವಿಷಯದಲ್ಲಿ ಆ ಹಕ್ಕಿನ ಬಗ್ಗೆ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2009ರಲ್ಲಿ ಉಯಿಲಿನ ಹಕ್ಕು ಊರ್ಜಿತವಾಯಿತು. ಹೀಗೆ ಬರೆದಿಡುವವರು ನಮ್ಮಲ್ಲಿ ಕಡಿಮೆ. ಆರು ವರ್ಷದ ಹಿಂದೆ ತೀರಿಕೊಂಡ ಗೆಳೆಯನೊಬ್ಬನ ಮನೆಗೆ ಈಚೆಗೆ ಹೋಗಿದ್ದೆ. ಅವನ ಒಂದು ಪುಸ್ತಕ ಪಠ್ಯವಾಗಿ ಪ್ರತಿ ವರ್ಷ ಅಚ್ಚಾಗುತ್ತಿದೆ, ಮನೆಗೆ ಒಂದು ರೂಪಾಯಿ ಬಂದಿಲ್ಲ. ಅವನ ಹೆಂಡತಿ ಟ್ರಂಕಿನಿಂದ ಒಂದು ಕಟ್ಟು ಪೋಸ್ಟ್‌ಕಾರ್ಡು ತೆಗೆದು ನನ್ನ ಮುಂದಿಟ್ಟರು. ಎಲ್ಲವೂ ಪ್ರಕಾಶಕರದ್ದು, ಎಲ್ಲದರಲ್ಲೂ ‘ಶೀಘ್ರದಲ್ಲೇ ಕಳಿಸುತ್ತೇವೆ’. ‘ವಕೀಲರಿಗೆ ಕೊಡೋಕೆ ನನ್ನ ಹತ್ರ ಏನಿದೆ?’ ಎಂದರು. ‘ಕೊಡಬೇಕಿಲ್ಲ ಅತ್ತಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ 1987ರ ಕಾಯ್ದೆ ಇದೆ’ ಎಂದೆ. ಅವರು ನಂಬಲಿಲ್ಲ. ಮಾರನೆಯ ದಿನ ಇಬ್ಬರೂ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದೆವು. ಗುಮಾಸ್ತರು ಆಧಾರ್ ಪ್ರತಿ ತೆಗೆದುಕೊಂಡು, ಒಂದು ಅರ್ಜಿ ಕೊಟ್ಟು, ಪೋಸ್ಟ್‌ಕಾರ್ಡುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಎಂದರು. ಕೊನೆಯ ಕಾರ್ಡಿನ ತಾರೀಖು ನೋಡಿದೆವು. ಮೂರು ವರ್ಷಕ್ಕೆ ಇನ್ನೂ ನಾಲ್ಕು ತಿಂಗಳಿತ್ತು.